ದೊಡ್ಡಪ್ಪನ ಶಟಪ್

ನಮ್ಮ ಮನೆಗೆ ಇಂಗ್ಲಿಷು ಬಂದದ್ದು ಎರಡೇ ಶಬ್ದದಲ್ಲಿ. ನಾನು ಆ ಮನೆಯಲ್ಲಿ ಇದ್ದಷ್ಟು ವರ್ಷವೂ ಅದು ಮೂರನೆಯ ಶಬ್ದಕ್ಕೆ ಬೆಳೆಯಲಿಲ್ಲ. ತಂದವನು ನನ್ನ ದೊಡ್ಡಪ್ಪ. ಶಬ್ದ, ಶಟ್ ಅಪ್. ಅವನ ಬಾಯಲ್ಲಿ ಅದು ಬಾಗಿಲು ಬಡಿದ ಹಾಗೆ ಒಂದೇ ಏಟಿಗೆ 'ಶಟಪ್' ಎಂದು ಬರುತ್ತಿತ್ತು. ನೀರು ಕೊಡಲು ತಡವಾದರೆ ಶಟಪ್, ಸಾರಿಗೆ ಉಪ್ಪು ಹೆಚ್ಚಾಯಿತೇ ಎಂದು ಕೇಳಿದರೆ ಶಟಪ್, ಉಪ್ಪು ಹೆಚ್ಚಾಗಿದೆ ಎಂದು ಮೊದಲೇ ಹೇಳಿದರೂ ಶಟಪ್. ಗಂಡಸರಿಗೆ ಅವನು ಅದನ್ನು ಅಂದದ್ದು ನಾನು ಕೇಳಿಲ್ಲ. ಅಂಗಡಿಗೆ ಬರುವ ಗಿರಾಕಿಗೆ ಅನ್ನಲಿಲ್ಲ, ಹಮಾಲಿಗೆ ಅನ್ನಲಿಲ್ಲ, ಅಳತೆಯಲ್ಲಿ ಮೋಸ ಮಾಡಿದ ಹಾಲಿನ ಗೌಳಿಗೂ ಅನ್ನಲಿಲ್ಲ. ಅದು ಮನೆಯೊಳಗಿನ, ಹೆಂಗಸರ ಪಾಲಿನ ಇಂಗ್ಲಿಷು.

ಮುಂದೆ ನಾನು ಇಂಗ್ಲಿಷ್ ಕಲಿಸುವುದನ್ನೇ ಹೊಟ್ಟೆಪಾಡು ಮಾಡಿಕೊಂಡೆ. ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಮೂವತ್ತು ವರ್ಷ ಹಲಗೆಯ ಮೇಲೆ ಈ ಎರಡು ಶಬ್ದ ಬರೆದು ವಿವರಿಸಿದ್ದೇನೆ. ಬಿಡಿಸಿದರೆ ಮುಚ್ಚು, ಮೇಲೆ. ಕೂಡಿಸಿದರೆ ಬಾಯಿ ಮುಚ್ಚು. ಅಂಗಡಿಯ ಬಾಗಿಲು ಹಾಕಿ ವ್ಯಾಪಾರ ನಿಲ್ಲಿಸುವುದಕ್ಕೂ ಅದೇ, ಮನೆಗೆ ಬೀಗ ಜಡಿದು ಊರಿಗೆ ಹೋಗುವುದಕ್ಕೂ ಅದೇ, ಒಬ್ಬರನ್ನು ಕೋಣೆಯಲ್ಲಿ ಕೂಡಿ ಹಾಕುವುದಕ್ಕೂ ಅದೇ. ಗೆಳತಿಯರಲ್ಲಿ ಸಲಿಗೆಯಿಂದ ಅನ್ನಬಹುದು. ಹಿರಿಯರಿಗೆ, ಗುರುತಿಲ್ಲದವರಿಗೆ ಅನ್ನಬಾರದು. ಈಗಿನ ಹುಡುಗಿಯರು ಸಂತೋಷದ ಸುದ್ದಿ ಕೇಳಿದಾಗಲೂ ಅದನ್ನೇ ಅನ್ನುತ್ತಾರೆ, 'ಹೌದೇನೇ, ಖರೆನಾ?' ಎಂಬ ಅರ್ಥದಲ್ಲಿ. ನನ್ನ ಮೊಮ್ಮಗಳು ಫೋನಿನಲ್ಲಿ ಗೆಳತಿಗೆ ಹಾಗೆ ಅಂದು ಕಿಲಕಿಲ ನಕ್ಕದ್ದನ್ನು ಮೊದಲ ಸಲ ಕೇಳಿದಾಗ ನನ್ನ ಬೆನ್ನು ತಾನಾಗಿಯೇ ಸೆಟೆದು ನಿಂತಿತು. ಆ ಮಗುವಿಗೆ ಏನು ಗೊತ್ತು.

ಸೊಲ್ಲಾಪುರದ ಹಳೆಯ ಪೇಠೆಯಲ್ಲಿ ನಮ್ಮ ಮನೆ. ಕೆಳಗೆ ಚಾದರ, ಟಾವೆಲ್ಲುಗಳ ಸಗಟು ಅಂಗಡಿ, ಮೇಲೆ ಸಂಸಾರ. ದೊಡ್ಡಪ್ಪ, ಅವನ ಹೆಂಡತಿ ದೊಡ್ಡವ್ವ, ಅವರ ಒಬ್ಬಳೇ ಮಗಳು ಶಾಂತಕ್ಕ; ಅವನ ತಮ್ಮನಾದ ನನ್ನ ಅಪ್ಪ, ಅವ್ವ, ನಾನು. ಆರು ಜನಕ್ಕೆ ಮನೆ ದೊಡ್ಡದೇ, ಆದರೆ ಗಾಳಿ ಬೆಳಕಿನ ಭಾಗವೆಲ್ಲ ರಸ್ತೆಯ ಕಡೆಗಿನ ದಿವಾಣಖಾನೆಗೆ ಸೇರಿತ್ತು. ಅಲ್ಲಿ ಒಂದು ಸೋಫಾ ಇತ್ತು. ಅದಕ್ಕೆ ಅಂಗಡಿಯಿಂದ ಬಂದಾಗಿನ ಪ್ಲಾಸ್ಟಿಕ್ಕು ಹಾಗೆಯೇ ಇತ್ತು, ಬೇಸಿಗೆಯಲ್ಲಿ ಕೂತರೆ ತೊಡೆಗೆ ಅಂಟಿ ಏಳುವಾಗ ಪರ್ರನೆ ಸದ್ದಾಗುತ್ತಿತ್ತು. ದಿನಾ ಬೆಳಿಗ್ಗೆ ದೊಡ್ಡಪ್ಪ ಅದರ ಮೇಲೆ ಕೂತು ಇಂಗ್ಲಿಷ್ ಪೇಪರು ಹಿಡಿಯುತ್ತಿದ್ದ. ಓದುತ್ತಿದ್ದ ಎಂದು ಬರೆಯಲಾರೆ, ಹಿಡಿಯುತ್ತಿದ್ದ. ಒಮ್ಮೆ ಶಾಂತಕ್ಕ ಬೇಕೆಂದೇ ಹಿಂದಿನ ದಿನದ ಪೇಪರನ್ನು ಮಡಿಸಿ ಇಟ್ಟಳು. ದೊಡ್ಡಪ್ಪ ಅದನ್ನು ಕಾಲು ಗಂಟೆ ಹಿಡಿದು, ಪುಟ ತಿರುವಿ, ಎರಡು ಸಲ ತಲೆಯಾಡಿಸಿ, ಜಗತ್ತು ಕೆಟ್ಟುಹೋಯಿತು ಎಂಬ ಮುಖ ಮಾಡಿಕೊಂಡು ಅಂಗಡಿಗೆ ಇಳಿದ. ನಾವಿಬ್ಬರೂ ಬಾಗಿಲ ಹಿಂದೆ ಬಾಯಿಗೆ ಸೆರಗು, ಲಂಗ ತುರುಕಿಕೊಂಡು ನಕ್ಕೆವು.

ಅಡುಗೆಮನೆ ಹಿಂದಿನ ತುದಿಯಲ್ಲಿ. ಮಾಳಿಗೆಯ ಒಂದು ಬೆಳಕಿಂಡಿಯಿಂದ ಬರುವ ಬಿಸಿಲು ಹನ್ನೊಂದಕ್ಕೆ ಒಲೆಯ ಮೇಲೆ, ಒಂದಕ್ಕೆ ಹಿಟ್ಟಿನ ಡಬ್ಬಿಯ ಮೇಲೆ. ಅವ್ವನ ಗಡಿಯಾರ ಅದು. ಆ ಕೋಣೆಯ ಭಾಷೆ ಕನ್ನಡ. ದಿವಾಣಖಾನೆಯ ಭಾಷೆ ಮರಾಠಿ. ನಡುವಿನ ಪಡಸಾಲೆಯಲ್ಲಿ ಎರಡೂ ನಡೆಯುತ್ತಿದ್ದವು. ಗಂಡಸರಿಗೆ ಬಿಸಿ ರೊಟ್ಟಿ, ಎಣ್ಣೆಗಾಯಿ ಬದನೆ, ಮೊಸರು. ಅವರೆದ್ದ ಮೇಲೆ ನಮಗೆ ತಣ್ಣಗಾದ ರೊಟ್ಟಿ, ಬದನೆಯ ಕೆಂಪು ಎಣ್ಣೆ, ಶೇಂಗಾ ಚಟ್ನಿ. ಇದು ಎಲ್ಲರ ಮನೆಯಲ್ಲೂ ಹೀಗೇ ಇತ್ತು ಎಂದು ನನಗೆ ಹೇಳುವವರಿದ್ದಾರೆ. ಇದ್ದಿರಬಹುದು. ಎಲ್ಲರ ಮನೆಯಲ್ಲೂ ಇದ್ದದ್ದರಿಂದ ಆ ರೊಟ್ಟಿ ಬಿಸಿಯಾಗಲಿಲ್ಲ.

ಈ ಶಬ್ದ ದೊಡ್ಡಪ್ಪನಿಗೆ ಎಲ್ಲಿ ಸಿಕ್ಕಿತು ಎಂಬುದನ್ನು ಅಪ್ಪ ತನ್ನ ಮುಪ್ಪಿನಲ್ಲಿ ನನಗೆ ಹೇಳಿದ. ಅಣ್ಣತಮ್ಮ ಇಬ್ಬರೂ ಯಾವುದೋ ಗಿರಣಿಗೆ ಹೋಗಿದ್ದರಂತೆ, ಬಣ್ಣ ಬಿಡುವ ಚಾದರ ಕಳಿಸಿದ್ದಾರೆಂದು ಜಗಳಕ್ಕೆ. ಸಾಹೇಬನ ಕೋಣೆಯಲ್ಲಿ ಬೇರೆ ವ್ಯಾಪಾರಿಗಳೂ ಇದ್ದರು. ದೊಡ್ಡಪ್ಪ ಕೈ ಬೀಸಿ ಮಾತಾಡಲು ಹೊರಟಾಗ ಆ ಸಾಹೇಬ ಕಾಗದದಿಂದ ತಲೆ ಎತ್ತದೆ ಎರಡು ಶಬ್ದ ಅಂದ. ದೊಡ್ಡಪ್ಪ ಸುಮ್ಮನಾದ. ಟಾಂಗಾದಲ್ಲಿ ಬರುವಾಗ ತಮ್ಮನನ್ನು ಕೇಳಿದ, ಅಂವಾ ಏನಂದ? ಹತ್ತನೆಯವರೆಗೆ ಓದಿದ್ದ ಅಪ್ಪ ಅರ್ಥ ಹೇಳಿದ. ಮನೆ ಬರುವವರೆಗೆ ಅಣ್ಣನ ಬಾಯಿಂದ ಮಾತಿಲ್ಲ. ಮೆಟ್ಟಿಲು ಹತ್ತುತ್ತಿದ್ದಂತೆ ದೊಡ್ಡವ್ವ 'ಯಾಕ್ರಿ ಇಷ್ಟೊತ್ತ ಆತು' ಎಂದಳು. ಆಗ ಹೊರಬಿತ್ತು ಮೊದಲ ಶಟಪ್. ಪರರ ಮುಂದೆ ನುಂಗಿದ್ದನ್ನು ಹೆಂಡತಿಯ ಮೇಲೆ ಕಾರಿಕೊಂಡ, ರುಚಿ ಹತ್ತಿತು, ಚಟವಾಯಿತು. ಇದನ್ನು ಕೇಳಿದವರಲ್ಲಿ ಕೆಲವರು 'ಪಾಪ, ಅವನಿಗೂ ಅವಮಾನ ಆಗಿತ್ತು' ಎಂದದ್ದುಂಟು. ಹಾಗೆ 'ಪಾಪ' ಅನ್ನುವುದು ನನ್ನ ಕೈಲಿ ಇವತ್ತಿಗೂ ಆಗುವುದಿಲ್ಲ. ಅವಮಾನ ಮಾಡಿದವನಿಗೆ ಒಂದು ಮಾತು ತಿರುಗಿ ಅನ್ನಲಿಲ್ಲ, ಅದನ್ನು ಮಡಿಲಲ್ಲಿ ಕಟ್ಟಿಕೊಂಡು ಬಂದು ಮನೆಯ ಹೆಂಗಸರಿಗೆ ಹಂಚಿದ.

ಅದು ಹೆಚ್ಚಾಗಿ ಬೀಳುತ್ತಿದ್ದದ್ದು ನನ್ನ ಅವ್ವನ ಮೇಲೆ. ಅವಳು ಅಕ್ಕಲಕೋಟದ ಆಚೆ ನಾಗಣಸೂರಿನ ಒಕ್ಕಲುತನದ ಮನೆಯ ಮಗಳು, ಗಂಗವ್ವ. ಬಾವಿಯ ದಂಡೆಯ ಮೇಲೆ ನಿಂತು ಕರೆದರೆ ಮೂರು ಹೊಲದಾಚೆ ಕಳೆ ತೆಗೆಯುವವರು ತಲೆ ಎತ್ತುತ್ತಿದ್ದರಂತೆ. ಅಂಥ ಗಂಟಲನ್ನು ಆ ಬೆಳಕಿಂಡಿಯ ಕೆಳಗೆ ತಂದು ಕೂರಿಸಿದ್ದರು. ಕೈ ಕೆಲಸಕ್ಕೆ ಹತ್ತಿದರೆ ಅವಳಿಗೆ ಮಾತು ಬೇಕು. ರೊಟ್ಟಿ ಬಡಿಯುತ್ತ ಊರಿನ ಸುದ್ದಿ ಹೇಳುವಳು, ಎಮ್ಮೆಗಳ ಗುಣ ಹೇಳುವಳು, ಸತ್ತವರ ದನಿಯನ್ನು ಹಾಗೆಹಾಗೇ ಮಾಡಿ ತೋರಿಸುವಳು. ದಿವಾಣಖಾನೆಯಲ್ಲಿ ಯಾರಾದರೂ ಬಂದು ಕೂತಿದ್ದರೆ ಈ ಹಳ್ಳಿಯ ಕನ್ನಡ ಅಲ್ಲಿಯವರೆಗೆ ಕೇಳಿಸುತ್ತಿತ್ತು. ದೊಡ್ಡಪ್ಪನಿಗೆ ಅದು ಹರಿದ ಅಂಗಿ ಕಂಡಷ್ಟು ನಾಚಿಕೆ. ನಮ್ಮಲ್ಲಿ ಭಾವನಾದವನು ತಮ್ಮನ ಹೆಂಡತಿಯ ಜೊತೆ ನೇರವಾಗಿ ಮಾತಾಡುವ ಪದ್ಧತಿಯಿಲ್ಲ. ಅವನು ಆ ಪದ್ಧತಿಯನ್ನು ಎರಡೇ ಶಬ್ದಕ್ಕಾಗಿ ಮುರಿಯುತ್ತಿದ್ದ.

ಅವ್ವ ಮೊದಲು ಅರ್ಥ ಕೇಳಿದ್ದು ಅಪ್ಪನನ್ನು. 'ಅದೆಲ್ಲ ಇಂಗ್ಲಿಷ್, ನಿಂಗ್ಯಾಕ ಬಿಡು' ಎಂದು ಅಪ್ಪ ಮಗ್ಗಲು ಬದಲಿಸಿದ. ಆಮೇಲೆ ನನ್ನನ್ನು ಕೇಳಿದಳು. ಆಗ ನಾನು ಐದನೆಯ ಇಯತ್ತೆ, ಮರಾಠಿ ಶಾಲೆಯಲ್ಲಿ ಇಂಗ್ಲಿಷ್ ಆಗಷ್ಟೇ ಶುರುವಾಗಿತ್ತು. ಮಧ್ಯಾಹ್ನ. ಅವಳು ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ಹರಳು ಆರಿಸುತ್ತಿದ್ದಳು.

"ಸುಮಿ, ಸಾಲ್ಯಾಗ ಇಂಗ್ಲಿಷ್ ಹೇಳಿಕೊಡಾಕತ್ತಾರಲ್ಲ?"

"ಹೂಂ."

"ಶಟಪ್ ಅಂದ್ರ ಏನ?"

ನನಗೆ ಗೊತ್ತಿತ್ತು. ಶಾಂತಕ್ಕ ಹೇಳಿದ್ದಳು. ಅವ್ವನ ಬೆರಳು ಬೇಳೆಯ ಮೇಲೆ ನಿಂತಿತ್ತು, ಮುಖ ನನ್ನ ಕಡೆಗಿತ್ತು.

"ಸಾಕು ಬಿಡು ಅಂತವಾ," ಎಂದೆ. "ದಣೀಬ್ಯಾಡ ಅಂತ."

"ಹಂಗೇನ!" ಅವಳ ಹುಬ್ಬು ಮೇಲೇರಿತು. "ನಾ ಬೈಗಳಂತ ತಿಳಿದಿದ್ದೆ ನೋಡು. ಅವರ ದನೀನಽ ಹಂಗೈತೆಲ್ಲ, ನೀರ ಬೇಡಿದ್ರೂ ಬೈದಂಗ ಇರತೈತಿ. ಒಳಗ ಮನಸ ಛಲೋ ಐತಿ ಹಂಗಾದ್ರ."

ತಾಯಿಯ ಮೇಲಿನ ಪ್ರೀತಿಯಿಂದ ಸುಳ್ಳು ಹೇಳಿದೆ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಪ್ರೀತಿ ಇತ್ತು, ಆದರೆ ಅದಕ್ಕಿಂತ ಹೆಚ್ಚು ಇದ್ದದ್ದು ನಾಚಿಕೆ. ದಿನಕ್ಕೆ ಹತ್ತು ಸಲ ಬಾಯಿ ಮುಚ್ಚು ಅನ್ನಿಸಿಕೊಳ್ಳುವವಳ ಮಗಳಾಗಿ ಅವಳ ಎದುರು ಕೂತು ಅದನ್ನು ಬಿಡಿಸಿ ಹೇಳುವುದು ನನಗೆ ಬೇಕಿರಲಿಲ್ಲ. ನಾನೂ ಆ ಮನೆಯಲ್ಲೇ ಬೆಳೆಯುತ್ತಿದ್ದೆ, ಆ ಮನೆಯ ಬುದ್ಧಿಯೇ ನನ್ನದೂ.

ಅವ್ವ ಆ ಅರ್ಥವನ್ನು ನಂಬಿದಳು ಮಾತ್ರವಲ್ಲ, ಬಳಸತೊಡಗಿದಳು. ಅವಳಿಗೆ ಹೊಸ ಶಬ್ದ ಸಿಕ್ಕರೆ ಹೊಸ ಪಾತ್ರೆ ಸಿಕ್ಕಷ್ಟು ಸಂತೋಷ. ಬಳೆಗಾರ್ತಿ ಇನ್ನೆರಡು ಬಳೆ ಏರಿಸಲು ಹೋದರೆ 'ಶಟಪ್ವಾ ತಂಗಿ, ಕೈ ತುಂಬ್ಯಾವ' ಎನ್ನುವಳು. ತರಕಾರಿಯವಳು ಕೊಸರಿಗೆ ಕೊತ್ತಂಬರಿ ಹಾಕಿದರೆ 'ಶಟಪ್, ಶಟಪ್' ಎಂದು ನಗುವಳು. ದೊಡ್ಡಪ್ಪ ಪಡಸಾಲೆಯಿಂದ ಗುಡುಗಿದರೆ ತಲೆಯ ಮೇಲೆ ಸೆರಗು ಎಳೆದುಕೊಂಡು ಮೆತ್ತಗೆ ಅನ್ನುವಳು:

"ಇಲ್ರೀ ಭಾವಾರ, ನಂಗೇನ ದಣಿವಿಲ್ರಿ."

ಅವನು ಕಣ್ಣು ಕಣ್ಣು ಬಿಡುತ್ತಿದ್ದ. ಇವಳು ತನ್ನನ್ನು ಅಣಕಿಸುತ್ತಿದ್ದಾಳೋ, ತಲೆ ಕೆಟ್ಟಿದೆಯೋ ಎಂದು ಅವನಿಗೆ ತಿಳಿಯುತ್ತಿರಲಿಲ್ಲ, ಕೇಳಿ ತಿಳಿದುಕೊಳ್ಳಲು ಪದ್ಧತಿ ಅಡ್ಡ. ಶಾಂತಕ್ಕನಿಗೆ ಮಾತ್ರ ಎಲ್ಲ ಗೊತ್ತಿತ್ತು. 'ಸುಮಿ, ಹೇಳಿಗೀಳಿಯಾ ಮತ್ತ, ಹಿಂಗಽ ಇರಲಿ' ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಅವ್ವನಿಗೆ ನಿಜ ಹೇಳಬಹುದಾದ ದಿನಗಳು ಎಷ್ಟೋ ಇದ್ದವು, ಅವನ್ನೆಲ್ಲ ನಾನು ನಗುವುದರಲ್ಲೇ ಕಳೆದೆ.

ಆ ಚಳಿಗಾಲದಲ್ಲಿ ಶಾಂತಕ್ಕನನ್ನು ನೋಡಲು ಧಾರವಾಡದಿಂದ ಒಬ್ಬರು ಬರುತ್ತೇವೆಂದು ತಿಳಿಸಿದರು. ಹುಡುಗನ ತಂದೆ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಇಂಗ್ಲಿಷ್ ಎಂಬ ಮಾತು ಕಿವಿಗೆ ಬಿದ್ದದ್ದೇ ದೊಡ್ಡಪ್ಪ ಹುಚ್ಚಾದ. ಸೋಫಾದ ಪ್ಲಾಸ್ಟಿಕ್ಕು ಬಿಚ್ಚಿಸಿದ. ಒಂದು ವಾರದ ಪೇಪರುಗಳನ್ನು ಮೇಜಿನ ಮೇಲೆ ಬೀಸಣಿಗೆಯ ಹಾಗೆ ಹರಡಿಸಿದ. ಬಂದವರ ಮುಂದೆ ಹೆಂಗಸರು ಮರಾಠಿಯಲ್ಲೇ ಮಾತಾಡಬೇಕೆಂದ.

"ಅವ್ರು ಧಾರವಾಡದ ಮಂದಿ ಅಲ್ಲೇನ್ರಿ, ಕನ್ನಡಽ ಮಾತಾಡ್ತಾರ," ಎಂದಳು ದೊಡ್ಡವ್ವ.

"ಶಟಪ್."

ಬಂದವರು ಸಣ್ಣ ದೇಹದ, ಬೆಳ್ಳಗಿನ ಧೋತರದ ಮುದುಕರು. ಅವರ ಹೆಂಡತಿ, ಮಗ ಜೊತೆಗಿದ್ದರು. ದೊಡ್ಡಪ್ಪ ಮೆಟ್ಟಿಲ ಬಾಯಿಯಲ್ಲೇ 'ಯಾ, ಯಾ, ಬಸಾ' ಎಂದು, ಬನ್ನಿ ಕೂಡ್ರಿ ಅನ್ನುವುದಕ್ಕೂ ಮರಾಠಿ ಸುರಿಸಿದ. ಅವರು 'ಬಂದೆವ್ರಿ, ದಾರಿ ಛಲೋ ಇತ್ತು' ಎಂದು ಕನ್ನಡದಲ್ಲಿ ಉತ್ತರ ಕೊಟ್ಟರು. ಅವನು ಮತ್ತೆ ಮರಾಠಿ, ಅವರು ಮತ್ತೆ ಕನ್ನಡ. ಮೇಜಿನ ಪೇಪರುಗಳ ಕಡೆ ಅವರು ನೋಡಲೇ ಇಲ್ಲ. ಊಟಕ್ಕೆ ಪಡಸಾಲೆಯಲ್ಲಿ ಮಣೆ ಹಾಕಿತ್ತು. ಹೋಳಿಗೆ, ಕಟ್ಟಿನ ಸಾರು, ಎರಡು ಪಲ್ಯ. ಬಡಿಸಿದ್ದು ದೊಡ್ಡವ್ವ, ಮಾಡಿದ್ದು ಅವ್ವ. ಅವಳಿಗೆ ಹೊರಗೆ ಬರಬೇಡವೆಂದೇ ಹೇಳಿತ್ತು. ಆದರೆ ದೊಡ್ಡವ್ವನ ಕೈಯಲ್ಲಿ ಹೋಳಿಗೆಯ ತಟ್ಟೆ ಇದ್ದುದರಿಂದ ತುಪ್ಪ ತೆಗೆದುಕೊಂಡು ಅವ್ವ ಬಂದಳು. ಅದೇ ಹೊತ್ತಿಗೆ ಆ ಹಿರಿಯರು ಊಟ ಮುಗಿಸಿ, ತಮ್ಮ ತಾಟನ್ನು ತಾವೇ ಎತ್ತಿಕೊಂಡು ಏಳಲು ಹೊರಟರು. ನಮ್ಮ ಮನೆಯಲ್ಲಿ ಗಂಡಸು ತಾಟು ಎತ್ತಿದ್ದನ್ನು ಅವ್ವ ಕಂಡಿರಲಿಲ್ಲ. ಗಾಬರಿಯಾದಳು.

"ಶಟಪ್ರಿ ಅಣ್ಣಾರ! ಶಟಪ್ರಿ! ತಾಟ ಇಡ್ರಿ, ನಾ ತಗೀತೀನಿ."

ಹುಡುಗ ಕುಡಿಯುತ್ತಿದ್ದ ನೀರು ಮೂಗಿಗೆ ಹತ್ತಿತು. ಅವನ ತಾಯಿ ಹೋಳಿಗೆಯ ತುಂಡನ್ನು ಬಾಯಿಯ ಹತ್ತಿರವೇ ಹಿಡಿದು ಕೂತರು. ಹಿರಿಯರು ತಾಟು ಹಿಡಿದು ಅರ್ಧ ಎದ್ದ ಭಂಗಿಯಲ್ಲಿ ನಿಂತುಬಿಟ್ಟರು. ದೊಡ್ಡಪ್ಪ ಎಂಜಲು ಕೈ ಎತ್ತಿ ಕೂಗಿದ:

"ಏಯ್! ಶಟಪ್!"

ಅವ್ವ ಅವನ ಕಡೆ ತಿರುಗಿ, ಎಂದಿನಂತೆ ಸೆರಗು ಎಳೆದುಕೊಂಡು, "ನಂಗೇನ ದಣಿವಿಲ್ರೀ ಭಾವಾರ. ಇವರಽ ತಾಟ ಎತ್ತಾಕತ್ತಾರ ನೋಡ್ರಿ," ಎಂದಳು.

ಹಿರಿಯರು ತಾಟನ್ನು ಕೆಳಗಿಟ್ಟು ನಿಧಾನವಾಗಿ ಕೂತರು. ದೊಡ್ಡಪ್ಪನ ಮುಖ ನೋಡಿದರು, ಅವ್ವನ ಮುಖ ನೋಡಿದರು.

"ಈ ಮಾತ ಎಲ್ಲಿ ಕಲ್ತೀರಿ ತಂಗಿ?"

"ಇಲ್ಲೇ ಮನ್ಯಾಗ್ರಿ. ನಮ್ಮ ಭಾವಾರು ದಿನಾ ಹತ್ತ ಸಲ ಅಂತಾರ್ರಿ ನಮಗೆಲ್ಲ."

"ಅಂದ್ರೇನಂತ?"

"ಸಾಕ್ರಿ ಬಿಡ್ರಿ, ದಣೀಬ್ಯಾಡ್ರಿ ಅಂತ. ನಿಮಗ ಗೊತ್ತಿರತೈತೆಲ್ರಿ, ಇಂಗ್ಲಿಷ್ ಮಾಸ್ತರ ನೀವು."

ಅವರು ತಾಟನ್ನು ಮಣೆಯ ಮುಂದೆ ನೆಟ್ಟಗೆ ಸರಿಸಿ ಇಟ್ಟರು. ಆಮೇಲೆ ಅಂದರು:

"ಹೌದ್ರಿ ತಂಗಿ. ಹಂಗಽ ಅರ್ಥ. ನಾ ಇಷ್ಟ ವರ್ಷ ಕಲಿಸಿದ್ರೂ ಇಷ್ಟ ಚಂದಾಗಿ ಹೇಳಿಕೊಟ್ಟಿಲ್ಲ."

ನನ್ನ ಕಥೆಯಲ್ಲಿ ತಲೆಬಾಗಿ ನೆನೆಯಬಹುದಾದ ಗಂಡಸು ಅವರೊಬ್ಬರೇ. ಆ ಮನೆಯಲ್ಲಿ ಅವರು ಒಂದು ಮಧ್ಯಾಹ್ನ ಮಾತ್ರ ಇದ್ದರು.

ಹತ್ತು ದಿನಕ್ಕೆ ಆ ಸಂಬಂಧ ತಂದಿದ್ದ ನಡುವಿನವನು ಬಂದು, ಹುಡುಗನಿಗೆ ಇನ್ನೂ ಓದುವ ಮನಸ್ಸಿದೆಯಂತೆ, ಸದ್ಯಕ್ಕೆ ಬೇಡವಂತೆ ಎಂದು ತಿಳಿಸಿ ಚಹಾ ಕುಡಿದು ಹೋದ. ನಿಜವಾದ ಕಾರಣ ಏನೋ ನನಗೆ ಇಂದಿಗೂ ಗೊತ್ತಿಲ್ಲ. ಹುಡುಗನಿಗೆ ಓದುವ ಮನಸ್ಸು ಇದ್ದರೂ ಇದ್ದಿರಬಹುದು. ದೊಡ್ಡಪ್ಪನಿಗೆ ಮಾತ್ರ ಯಾವ ಸಂಶಯವೂ ಇರಲಿಲ್ಲ. ಅಂಗಡಿಗೆ ರಜೆಯಿದ್ದ ದಿನ ಎಲ್ಲರನ್ನೂ ಪಡಸಾಲೆಗೆ ಕರೆಸಿದ. ತಾನು ಮಂಚದ ಮೇಲೆ, ಅಪ್ಪ ಗೋಡೆಗೆ ಆತು ನೆಲದ ಮೇಲೆ, ನಾವು ಹೆಂಗಸರು ಅಡುಗೆಮನೆಯ ಬಾಗಿಲಲ್ಲಿ.

"ಕೇಳು ನಿನ್ನ ಹೇಣ್ತಿನ," ಎಂದ ಅಪ್ಪನಿಗೆ. "ನನ್ನ ಮಗಳ ಬಾಳೇವ ಯಾಕ ಹಾಳ ಮಾಡಿದಳು ಅಂತ ಕೇಳು."

ಅಪ್ಪ ಕೇಳಲಿಲ್ಲ, ಕೇಳದೆಯೂ ಇರಲಿಲ್ಲ. ಅವ್ವನ ಕಡೆ ಮುಖ ಎತ್ತಿ ಮತ್ತೆ ಇಳಿಸಿದ.

"ನಾ ಏನ ತಪ್ಪ ಅಂದ್ನಿರಿ?" ಎಂದಳು ಅವ್ವ. "ದಣೀಬ್ಯಾಡ್ರಿ ಅಂದೆ."

"ಬಾಯಿ ಮುಚ್ಚು ಅಂತ ಅರ್ಥ ಅದಕ್ಕ!" ದೊಡ್ಡಪ್ಪ ಮಂಚದಿಂದ ಎದ್ದೇಬಿಟ್ಟ. "ಬಾಯಿ ಮುಚ್ಚು! ಬೀಗಸ್ತನಕ ಬಂದವರಿಗೆ ಬಾಯಿ ಮುಚ್ಚ್ರಿ ಅಂದಿ ನೀ!"

ಅವ್ವನ ಮುಖದಲ್ಲಿ ಮೊದಲು ಕಂಡದ್ದು ದುಃಖವಲ್ಲ, ಅದು ಲೆಕ್ಕ ಹಾಕುವವರ ಮುಖದ ಹಾಗಿತ್ತು. ಕಳೆದ ವರ್ಷಗಳ ಒಂದೊಂದು ಶಟಪ್ಪನ್ನೂ ಅವಳು ತಿರುಗಿ ಕೇಳಿಸಿಕೊಳ್ಳುತ್ತಿದ್ದಳು.

"ಹಂಗಾದ್ರ ನೀವು ನಂಗ ದಿನಾ..." ಎಂದು ಅರ್ಧಕ್ಕೇ ಬಿಟ್ಟಳು. ಅಪ್ಪನ ಕಡೆ ತಿರುಗಿದಳು. "ನಿಮಗ ಗೊತ್ತಿತ್ತೇನ್ರಿ?"

ಅಪ್ಪ ಗೂಟಕ್ಕೆ ತೂಗುಹಾಕಿದ್ದ ತನ್ನ ಟೋಪಿಯನ್ನು ನೋಡುತ್ತ ಕೂತ. ಅಷ್ಟು ಗಮನವಿಟ್ಟು ಅವನು ಯಾವ ಮನುಷ್ಯನ ಮುಖವನ್ನೂ ನೋಡಿರಲಿಲ್ಲ. ಆಮೇಲೆ ಅವ್ವ ನನ್ನ ಕಡೆ ತಿರುಗಿದಳು.

"ಸುಮಿ, ನೀನಽ ಹೇಳಿದ್ದೆಲ್ಲ? ಬ್ಯಾಳಿ ಆರಿಸೂವಾಗ?"

ದೊಡ್ಡಪ್ಪನೂ ನನ್ನನ್ನೇ ನೋಡುತ್ತಿದ್ದ.

"ನಾ ಏನೂ ಹೇಳಿಲ್ಲ," ಎಂದೆ.

"ಸುಳ್ಳ ಬ್ಯಾರೆ ಹೇಳ್ತಾಳ ನಿನ್ನ ಹೇಣ್ತಿ," ಎಂದು ದೊಡ್ಡಪ್ಪ ಗೆದ್ದವನ ಹಾಗೆ ಮಂಚದ ಮೇಲೆ ಕೂತ. ಶಾಂತಕ್ಕ ನನ್ನ ಪಕ್ಕದಲ್ಲೇ ನಿಂತಿದ್ದಳು. ಎಲ್ಲ ಗೊತ್ತಿದ್ದ ಅವಳೂ ತನ್ನ ಕಾಲಿನ ಉಂಗುಟ ನೋಡಿಕೊಂಡಳು. ಅಷ್ಟೂ ಜನ ಬಾಯಿ ಮುಚ್ಚಿಕೊಂಡಿದ್ದೆವು. ಆ ಶಬ್ದದ ಅರ್ಥವನ್ನು ಅವ್ವ ಸರಿಯಾಗಿ ಕಲಿತದ್ದು ದೊಡ್ಡಪ್ಪನ ವಿವರಣೆಯಿಂದಲ್ಲ, ನಮ್ಮಿಂದ.

ಅವಳು ಅಳಲಿಲ್ಲ. ಒಲೆಯ ಮೇಲಿದ್ದ ಅಡುಗೆ ಮುಗಿಸಿದಳು. ಎಲ್ಲರಿಗೂ ಬಡಿಸಿದಳು, ಪಾತ್ರೆ ತೊಳೆದಳು, ಒಲೆಯ ಬೂದಿ ತೆಗೆದಳು. ಬಿಸಿಲು ಹಿಟ್ಟಿನ ಡಬ್ಬಿ ದಾಟುವ ಹೊತ್ತಿಗೆ ತನ್ನ ಟ್ರಂಕು ಎತ್ತಿಕೊಂಡು ಮೆಟ್ಟಿಲಿಳಿದಳು. ಅಪ್ಪ ಮೆಟ್ಟಿಲ ತನಕ ಬಂದು 'ಬಸ್ಸಿಗೆ ಚಿಲ್ಲರ ಐತೇನ' ಎಂದು ಕೇಳಿದ. ಹೆಂಡತಿ ಮನೆ ಬಿಟ್ಟು ಹೋಗುವಾಗ ನನ್ನ ತಂದೆ ಆಡಿದ ಮಾತು ಇದೊಂದೇ. ನಾನು ಕಿಟಕಿಯಿಂದ ನೋಡಿದೆ. ಅವಳು ತಿರುಗಿ ನೋಡುತ್ತಾಳೆಂದು ಅಂಜಿ ಪರದೆಯ ಹಿಂದೆ ಸರಿದೆ. ಅವಳು ನೋಡಲಿಲ್ಲ.

ಅಕ್ಕಲಕೋಟ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನ ಸೋದರಮಾವನ ಎರಡು ಕೋಣೆ ಇದ್ದವು, ಶೇಂಗಾ ಚೀಲ ಇಡಲು. ಅವ್ವ ನಾಗಣಸೂರಿಗೆ ಹೋಗದೆ ಅಲ್ಲೇ ಇಳಿದಳಂತೆ. ಒಂದು ಕೋಣೆ ಖಾಲಿ ಮಾಡಿಸಿ, ಒಲೆ ಹಾಕಿ, ದೇವರ ದರ್ಶನಕ್ಕೆ ಬರುವವರಿಗೆ ರೊಟ್ಟಿ ಊಟ ಹಾಕತೊಡಗಿದಳು. ಗಡಿಯಾಚೆಯಿಂದ ಬರುವ ಮಂದಿಗೆ ಜೋಳದ ರೊಟ್ಟಿ, ಕನ್ನಡದ ಮಾತು ಎರಡೂ ಒಂದೇ ಕಡೆ ಸಿಕ್ಕವು. ಇತ್ತ ಸೊಲ್ಲಾಪುರದ ಮನೆಯಲ್ಲಿ ದೊಡ್ಡವ್ವನ ರೊಟ್ಟಿ ಅಂಚಿಗೆ ದಪ್ಪ, ನಡುವೆ ಹಸಿ. ದೊಡ್ಡಪ್ಪ ದಿನಾ ಅದನ್ನು ಎತ್ತಿ ಹಿಡಿದು ನೋಡುತ್ತಿದ್ದ, ಪೇಪರು ನೋಡಿದ ಹಾಗೆ. ಅಪ್ಪ ನಾಲ್ಕು ತಿಂಗಳು ಆ ರೊಟ್ಟಿ ತಿಂದ. ಒಂದು ದಿನವೂ ಅಕ್ಕಲಕೋಟಕ್ಕೆ ಹೋಗಿ ಬರುತ್ತೇನೆ ಎನ್ನಲಿಲ್ಲ. ಬಸ್ಸಿನಲ್ಲಿ ಒಂದು ತಾಸಿನ ದಾರಿ.

ಶಾಲೆಗೆ ಬೇಸಿಗೆಯ ಸೂಟಿ ಬಿದ್ದಾಗ ಸೋದರಮಾವ ಬಂದು ನನ್ನನ್ನು ಕರೆದುಕೊಂಡು ಹೋದ. ಅವ್ವ ಹಿಟ್ಟು ನಾದುತ್ತಿದ್ದಳು. ಕೋಣೆಯ ಮೂಲೆಯಲ್ಲಿ ಶೇಂಗಾದ ಹಸಿ ವಾಸನೆ ಇನ್ನೂ ಇತ್ತು. ನನ್ನನ್ನು ಕಂಡು ಎದ್ದು ಬರಲಿಲ್ಲ. 'ಕೈ ತೊಳಕೋ' ಎಂದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಬಾಯಿಗೆ ಬಂದದ್ದು ಸಂಜೆಯ ಮುಂದೆ.

"ಅವ್ವಾ, ನಾನಽ ಹೇಳಿದ್ದೆ. ಇಲ್ಲ ಅಂದೆ."

"ನಂಗ ಗೊತ್ತಿಲ್ಲೇನ, ಹೇಳಿಸಿಕೊಂಡಾಕಿ ನಾನಽ," ಎಂದಳು. ಕೈ ನಿಲ್ಲಲಿಲ್ಲ. "ಯಾಕ ಇಲ್ಲ ಅಂದಿ?"

"ಅಂಜಿಕಿ ಬಂತು."

"ಯಾರ ಅಂಜಿಕಿ?"

"ದೊಡ್ಡಪ್ಪಂದು."

"ಹೂಂ. ನಿಮ್ಮಪ್ಪಗೂ ಅವಂದಽ ಅಂಜಿಕಿ." ಹಿಟ್ಟಿನ ಒಂದು ಉಂಡೆ ಮುರಿದು ನನ್ನ ಮುಂದೆ ಇಟ್ಟಳು. "ನಿಮ್ಮಪ್ಪ ಗಂಡಸು, ದೊಡ್ಡಾಂವ. ನೀ ಸಣ್ಣಾಕಿ. ನಿಂದು ತೊಳದ ಹೋಗತೈತಿ. ತಗೋ, ಬಡಿ. ಅಂಚ ತೆಳ್ಳಗ ಬರಬೇಕು."

ಅದು ಕ್ಷಮೆಯೋ ಶಿಕ್ಷೆಯೋ ನನಗೆ ತಿಳಿಯಲಿಲ್ಲ. ನನ್ನ ರೊಟ್ಟಿ ಹರಿಯಿತು, ಮತ್ತೆ ಬಡಿ ಎಂದಳು. ಅದೂ ಹರಿಯಿತು. ಸೂಟಿ ಮುಗಿಯುವ ಹೊತ್ತಿಗೆ ಹರಿಯುವುದು ನಿಂತಿತ್ತು.

ಆ ಸೂಟಿಯ ಕೊನೆಯ ವಾರದಲ್ಲೇ ದೊಡ್ಡಪ್ಪ ಬಂದ, ಹಿಂದೆ ಅಪ್ಪ. ಶಾಂತಕ್ಕನಿಗೆ ಲಾತೂರಿನ ಕಡೆ ಇನ್ನೊಂದು ಸಂಬಂಧ ಬಂದಿತ್ತು. ಅವರು ಮನೆಗೆ ಬಂದಾಗ 'ಹುಡುಗಿಯ ಕಾಕೂ ಎಲ್ಲಿ' ಎಂದು ಚಿಕ್ಕಮ್ಮನಾದ ಅವ್ವನನ್ನು ಕೇಳಿದರೆ ಏನು ಹೇಳುವುದು? ಅವನಿಗೆ ಬೇಕಾಗಿದ್ದದ್ದು ದಿವಾಣಖಾನೆಯಲ್ಲಿ ತೋರಿಸಲು ಒಂದು ತುಂಬಿದ ಸಂಸಾರ, ಸೋಫಾ ಇದ್ದ ಹಾಗೆ. ಮಧ್ಯಾಹ್ನದ ಪಂಕ್ತಿ ಕೂತಿತ್ತು. ಸೇಡಮ್ ಕಡೆಯ ಇಬ್ಬರು ಹೆಂಗಸರು, ಒಬ್ಬ ಮುದುಕ ಉಣ್ಣುತ್ತಿದ್ದರು. ಬೇರೆ ಜಾಗವಿಲ್ಲ. ದೊಡ್ಡಪ್ಪ ಚಾಪೆಯ ತುದಿಯಲ್ಲಿ ಅವರ ಸಾಲಿಗೇ ಕೂರಬೇಕಾಯಿತು. ಅಪ್ಪ ಅವನ ಪಕ್ಕ. ಅವ್ವ ಇಬ್ಬರ ಮುಂದೆಯೂ ತಾಟು ಇಟ್ಟು ಒಲೆಯ ಬಳಿಗೆ ಹೋದಳು.

ದೊಡ್ಡಪ್ಪ ಶುರು ಮಾಡಿದ. ಮನೆತನ ಎಂದ, ಮಾನ ಎಂದ, ಪೇಠೆಯಲ್ಲಿ ನಾಲ್ಕು ಜನ ಏನೆನ್ನುತ್ತಾರೆ ಎಂದ, ಬಸ್ ನಿಲ್ದಾಣದ ಹಿಂದೆ ರೊಟ್ಟಿ ಮಾರುವ ಸೊಸೆ ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ ಎಂದ. ಅಕ್ಕಪಕ್ಕದವರಿಗೆ ತಿಳಿಯದಿರಲೆಂದು ಎಲ್ಲ ಮರಾಠಿಯಲ್ಲಿ. ಅಕ್ಕಲಕೋಟದಲ್ಲಿ ಮರಾಠಿ ಯಾರಿಗೆ ತಿಳಿಯುವುದಿಲ್ಲ ಎಂಬಷ್ಟೂ ಬುದ್ಧಿಯಿಲ್ಲ. ಅವ್ವ ಬಡಿಯುತ್ತಲೇ ಇದ್ದಳು. ನಾನು ಅವಳ ಮುಖ ನೋಡುತ್ತ ಕಾಯುತ್ತಿದ್ದೆ. ಈಗ ಅವಳಿಗೆ ಆ ಶಬ್ದದ ಸರಿಯಾದ ಅರ್ಥ ಗೊತ್ತು, ಇಷ್ಟು ಜನರ ಮುಂದೆ ಅಂದೇ ಅನ್ನುತ್ತಾಳೆ ಎಂದುಕೊಂಡೆ. ಅನ್ನಲಿ ಎಂದು ನನ್ನ ತುಟಿಯೇ ಅಲ್ಲಾಡುತ್ತಿತ್ತು.

"ಭಾವಾರ, ರೊಟ್ಟಿ ಆರತೈತಿ," ಎಂದಳು ಅವ್ವ. "ಮೊದಲ ಉಣ್ರಿ."

ಅವನು ಉಂಡ. ಮಾನದ ಮಾತು ನಿಲ್ಲಿಸಿ ಮೂರು ರೊಟ್ಟಿ ಉಂಡ, ಝುಣಕ ಎರಡು ಸಲ ಹಾಕಿಸಿಕೊಂಡ. ಕೈ ತೊಳೆದು ಬಂದು ನಿಂತೇ ಕೇಳಿದ, ಈಗ ಕನ್ನಡದಲ್ಲಿ:

"ಬರ್ತೀಯೋ ಇಲ್ಲೋ, ಒಂದ ಮಾತಿನ್ಯಾಗ ಹೇಳು."

"ಇಲ್ರೀ."

"ಯಾಕ?"

"ಇಲ್ಲೆ ನಾ ಮಾತಾಡ್ಕೋತ ರೊಟ್ಟಿ ಬಡೀತೀನ್ರಿ. ಅಲ್ಲೆ ಅದು ಆಗೂದಿಲ್ರಿ."

ಅವನ ಮುಖ ಕೆಂಪೇರಿತು. ಬಾಯಿ ತೆರೆಯಿತು, 'ಶ' ಎಂಬಷ್ಟು ಹೊರಗೆ ಬಂತು. ಸೇಡಮ್ಮಿನ ಹೆಂಗಸರಲ್ಲಿ ಒಬ್ಬಳು ತುತ್ತು ನಿಲ್ಲಿಸಿ ತಲೆ ಎತ್ತಿ ಅವನನ್ನು ನೋಡಿದಳು. ಸುಮ್ಮನೆ ನೋಡಿದಳು, ಅಷ್ಟೇ. ಉಳಿದದ್ದು ಅವನ ಗಂಟಲಲ್ಲೇ ಉಳಿಯಿತು. ಇಷ್ಟು ವರ್ಷ ನಮ್ಮನ್ನು ನಡುಗಿಸಿದ ಗಂಡಸುತನ ಗುರುತಿಲ್ಲದ ಒಬ್ಬ ಹೆಂಗಸಿನ ನೋಟಕ್ಕೆ ನಿಲ್ಲಲಿಲ್ಲ. ಚಪ್ಪಲಿ ಮೆಟ್ಟುತ್ತ ಅಪ್ಪನಿಗೆ 'ಏಳೋ' ಎಂದ.

ಅಪ್ಪ ಏಳಲಿಲ್ಲ. ಅವನ ತಾಟು ಖಾಲಿಯಾಗಿತ್ತು, ಒಲೆಯ ಮೇಲೆ ಅವನ ಪಾಲಿನ ರೊಟ್ಟಿ ಉಬ್ಬುತ್ತಿತ್ತು.

"ನೀ ನಡಿ ಅಣ್ಣಾ," ಎಂದ, ತಾಟಿನಿಂದ ಕಣ್ಣು ಎತ್ತದೆ. "ನಾ ಮುಂದಿನ ಬಸ್ಸಿಗಿ ಬರ್ತೀನಿ."

ಮುಂದಿನ ಬಸ್ಸಿಗೆ ಅವನು ಹೋಗಲಿಲ್ಲ. ಅದರ ಮುಂದಿನದಕ್ಕೂ ಹೋಗಲಿಲ್ಲ. ಅಂದು ಅವನಿಗೆ ಧೈರ್ಯ ಬಂದಿತ್ತೋ, ನಾಲ್ಕು ತಿಂಗಳ ಮೇಲೆ ಸಿಕ್ಕ ಬಿಸಿ ರೊಟ್ಟಿಯನ್ನು ಬಿಟ್ಟೇಳಲಾಗಲಿಲ್ಲವೋ ನಾನು ಕೇಳಲಿಲ್ಲ, ಕೇಳಿದ್ದರೆ ಅವನು ಯಾವುದಾದರೂ ಗೂಟದ ಕಡೆ ನೋಡುತ್ತಿದ್ದ. ಅವ್ವ ರೊಟ್ಟಿ ತಂದು ತಾಟಿಗೆ ಹಾಕಿದಳು. ಅವನು ತಿನ್ನುವವರೆಗೂ ಒಲೆಯ ಮುಂದೆ ಕೂತು ಬಡಿದಳು. ಆಮೇಲೆ ಮೂಲೆಯಲ್ಲಿದ್ದ ತಾಮ್ರದ ಕೊಡದ ಕಡೆ ಕೈ ತೋರಿಸಿದಳು.

"ನಿಮ್ಮ ತಾಟ ನೀವಽ ತೊಳೀರಿ. ತೊಳದ ಆ ಕೊಡ ತುಂಬಿಕೊಂಡ ಬರ್ರಿ. ನಳದ ಮುಂದ ಮಂದಿ ಇರತಾರ, ಪಾಳಿ ಹಿಡೀಬೇಕಾಗತೈತಿ."

ಅಪ್ಪ ಒಂದು ಗಳಿಗೆ ಕೂತಿದ್ದ. ಆಮೇಲೆ ತಾಟು ಎತ್ತಿಕೊಂಡು ಎದ್ದ.